ಬೋಳು ಬೆನ್ನಿನ ಕಾಸು

ನಾನು ಶರಾಫ. ತಿರುಮಕೂಡಲು ನರಸೀಪುರದ ತಾಲ್ಲೂಕು ಖಜಾನೆಯಲ್ಲಿ ಇಪ್ಪತ್ತೆಂಟು ವರ್ಷ ಕೂತು, ಸರ್ಕಾರಕ್ಕೆ ಬರುವ ಒಂದೊಂದು ರೂಪಾಯಿಯನ್ನೂ ಕಲ್ಲಿನ ಮೇಲೆ ಬಡಿದು ನಾದ ಕೇಳಿದವನು. ಒಳ್ಳೆಯದನ್ನು ಪೆಟ್ಟಿಗೆಗೆ ಹಾಕುತ್ತಿದ್ದೆ, ಕೆಟ್ಟದ್ದನ್ನು ಕತ್ತರಿಯಲ್ಲಿ ಎರಡು ತುಂಡು ಮಾಡಿ ತಂದವನ ಕೈಗೇ ಕೊಡುತ್ತಿದ್ದೆ. ಶರಾಫ ಗಂಗಾಧರಸ್ವಾಮಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಜನ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ದಿನಕ್ಕೆ ಸಾವಿರ ಸಲ ಟಣ್ ಟಣ್ ಕೇಳುವವನ ತಲೆ ಹೇಗಿರುತ್ತದೆ ಎಂದು ಅವರೇ ಒಂದು ವಾರ ಬಂದು ಕೂತು ನೋಡಲಿ. ಇಪ್ಪತ್ತೆಂಟು ವರ್ಷದಲ್ಲಿ ನಾನು ತಪ್ಪಿದ್ದು ಒಂದೇ ಸಲ. ಅದನ್ನು ಕಂಡವರ ಬಾಯಲ್ಲಿ ಕೇಳುವ ಬದಲು ನನ್ನ ಬಾಯಲ್ಲೇ ಕೇಳಿ. ಕಂಡವರು ಅದಕ್ಕೆ ಕೈಕಾಲು, ಬಾಲ, ಕೊಂಬು ಎಲ್ಲ ಸೇರಿಸಿದ್ದಾರೆ.

ಇಂಗ್ಲಿಷರು ಇಲ್ಲಿಂದ ಪಲ್ಟನ್ನು ಕಳಿಸಿ ನಡೆಸಿದ ಚೀನಾ ಲಡಾಯಿ ಮುಗಿದ ಮರುವರ್ಷ ಅದು. ರಾಗಿ ಕಣ ಮುಗಿದು ರೈತರು ಕಂದಾಯ ಕಟ್ಟಲು ಬರುವ ತಿಂಗಳು. ನನ್ನ ಮುಂದೆ ಚೀಲ ಹಿಡಿದವರ ಸಾಲು ಬಾಗಿಲಾಚೆಯವರೆಗೂ ನಿಂತಿತ್ತು. ಅಂಥ ಹೊತ್ತಿನಲ್ಲಿ ಒಬ್ಬ ಸಾಲು ಮುರಿದು ಮುಂದೆ ಬಂದು, ಸೊಂಟಕ್ಕೆ ಕೈಹಾಕಿ ಉಡಿದಾರ ಬಿಚ್ಚತೊಡಗಿದ. ಸರ್ಕಾರಿ ಕಚೇರಿಯಲ್ಲಿ ಇದೇನಯ್ಯಾ ಅವತಾರ ಎಂದು ಗದರಿದೆ. ಅವನು ಹೆದರಲಿಲ್ಲ. ಉಡಿದಾರದಲ್ಲಿ ಪೋಣಿಸಿದ್ದ ಹನ್ನೆರಡು ಹಳದಿ ಕಾಸುಗಳನ್ನು ಮೇಜಿನ ಮೇಲಿಟ್ಟು ಕೈಮುಗಿದ.

ಹೆಸರು ಚಿಕ್ಕಸ್ವಾಮಿ, ಊರು ಹದಿನಾರು. ನಂಜನಗೂಡು ತಾಲ್ಲೂಕಿನವನಿಗೆ ನರಸೀಪುರದಲ್ಲೇನು ಕೆಲಸ ಎಂದು ಕೇಳಿದೆ. ಕಷ್ಟದ ನಾಣ್ಯವಿದ್ದರೆ ಗಂಗಾಧರಸ್ವಾಮಿಗಳ ಹತ್ತಿರ ಹೋಗು ಎಂದು ಸುತ್ತೂರಿನಲ್ಲಿ ಯಾರೋ ಹೇಳಿದರಂತೆ. ಆ ಮಾತಿಗೆ ನನ್ನ ಸಿಟ್ಟು ಅರ್ಧ ಇಳಿಯಿತು, ಸುಳ್ಳು ಯಾಕೆ ಹೇಳಲಿ. ಸರಿ, ಏನು ನಿನ್ನ ಕಥೆ ಎಂದೆ.

ಎರಡೂವರೆ ವರ್ಷದ ಹಿಂದೆ ಇವನು ಗಾಡಿಗೆ ಬೆಲ್ಲ ತುಂಬಿಕೊಂಡು, ಊರವನೊಬ್ಬನನ್ನು ಜೊತೆಮಾಡಿಕೊಂಡು ಬೆಂಗಳೂರಿಗೆ ಹೋಗಿದ್ದ. ಬೆಲ್ಲ ಮಾರಿ, ಇಂಗ್ಲಿಷರ ಸೈನ್ಯ ಇಳಿದಿದ್ದ ದಂಡಿನ ಕಡೆ ತಿರುಗಾಡುತ್ತಿದ್ದಾಗ ಪಲ್ಟನ್ನಿನ ಜಮಾದಾರನೊಬ್ಬ ಸಿಕ್ಕಿ, ಹೇಸರಗತ್ತೆ ಹೊಡೆಯುವ ಕೆಲಸವಿದೆ, ಚೀನಾಕ್ಕೆ ಬರುತ್ತೀಯಾ ಎಂದು ಕೇಳಿದ. ಈ ಮಹಾರಾಯ ಚೀನಾ ಎಂದರೆ ಕೋಲಾರದ ಆಚೆ ಎಲ್ಲೋ ಇರಬೇಕು, ನಾಳಿದ್ದು ವಾಪಸ್ಸು ಬಂದರಾಯಿತು ಎಂದುಕೊಂಡ. ನಾಳಿದ್ದು ಬರುತ್ತೇನೆ ಎಂದಷ್ಟೇ ಹೇಳಿ ಗಾಡಿಯನ್ನು ಜೊತೆಯವನಿಗೆ ಒಪ್ಪಿಸಿ ಹೂಂ ಅಂದ. ರೈಲಿನಲ್ಲಿ ಮದರಾಸು ಮುಟ್ಟಿ, ಹಡಗು ಹತ್ತಿ, ಮೂರು ದಿನ ವಾಂತಿ ಮಾಡಿದ ಮೇಲೆ ಪಕ್ಕದವನನ್ನು ಇನ್ನೆಷ್ಟು ದೂರ ಎಂದು ಕೇಳಿದಾಗಲೇ ಅವನಿಗೆ ವಿಷಯ ತಿಳಿದದ್ದು. ಚೀನಾ ಮುಟ್ಟಿದ ಮೇಲೆ ಹವಾಲ್ದಾರನೊಬ್ಬನ ಕೈಲಿ ಹೆಂಡತಿಗೆ ಒಂದು ಕಾಗದವನ್ನೂ ಬರೆಸಿದ್ದನಂತೆ. ಹವಾಲ್ದಾರ ತಮಿಳಿನಲ್ಲಿ ಬರೆದು, ಮೇಲೆ ‘ಪುಟ್ಟಗೌರಮ್ಮ, ಮೂಲೆಮನೆ, ಮೈಸೂರು’ ಎಂದು ವಿಳಾಸ ಹಾಕಿದ. ಆ ಕಾಗದ ಇನ್ನೂ ಯಾವ ಮೂಲೆಯಲ್ಲಿ ಸುತ್ತುತ್ತಿದೆಯೋ.

ತಿರುಗಿ ಬರುವಾಗ ಮದರಾಸಿನಲ್ಲಿ ಇವನ ಪೆಟ್ಟಿಗೆ ಕಳುವಾಯಿತು. ಪಲ್ಟನ್ನಿನವರು ಕೊಟ್ಟ ಚೀಟಿ, ಹೆಂಡತಿಗೆಂದು ತಂದ ಬೀಸಣಿಗೆ, ಎಲ್ಲ ಅದರ ಜೊತೆಗೇ ಹೋಯಿತು. ಉಳಿದದ್ದು ಸೊಂಟದಲ್ಲಿದ್ದ ಈ ಹನ್ನೆರಡು ಕಾಸು. ಮನೆಗೆ ಬಂದರೆ ಹೆಂಡತಿ ಒಳಗೆ ಬಿಡಲಿಲ್ಲ. ಅತ್ತೆ ಮಂಚಮ್ಮ, ಮಗಳು ಒಂಟಿ ಎಂದು ಬಂದು ಅಲ್ಲೇ ನಿಂತವರು, ಚೀನಾನೂ ಇಲ್ಲ ಗೀನಾನೂ ಇಲ್ಲ, ಇವನು ಸತ್ಯಮಂಗಲದಲ್ಲಿ ಇನ್ನೊಂದು ಸಂಸಾರ ಹೂಡಿದ್ದಾನೆ ಎಂದು ಊರಿಗೆಲ್ಲ ಸಾರಿಬಿಟ್ಟರು. ಹತ್ತು ದಿನದಿಂದ ಅವನಿಗೆ ಜಗಲಿಯ ಮೇಲೇ ಊಟ, ಜಗಲಿಯ ಮೇಲೇ ನಿದ್ದೆ.

“ಇದು ಚೀನಾದ್ದು ಅಂತ ನಿಮ್ ಬಾಯಲ್ಲಿ ಒಂದ್ ಮಾತು ಬಂದ್ರೆ ಸಾಕು ಸ್ವಾಮಿ,” ಎಂದ. “ನಮ್ಮಟ್ಟಿ ಬಾಗ್ಲು ತೆಗೀತದೆ.”

ನಾನು ಒಂದನ್ನು ತೆಗೆದುಕೊಂಡು ಕಲ್ಲಿಗೆ ಬಡಿದೆ. ಬೆಳ್ಳಿಯಾದರೆ ಟಣ್ ಎನ್ನಬೇಕು, ತಾಮ್ರವಾದರೂ ಟಿಣ್ ಎನ್ನಬೇಕು. ಇದು ತಟ್ ಎಂದು ಸುಮ್ಮನಾಯಿತು. ಮೂಸಿದೆ, ಹಲ್ಲಲ್ಲಿ ಕಚ್ಚಿದೆ, ತಕ್ಕಡಿಗೆ ಹಾಕಿದೆ. ಒಂದರ ತೂಕ ಇನ್ನೊಂದಕ್ಕಿರಲಿಲ್ಲ. ಅಂಚು ನೋಡಿದರೆ ಅರ ಹಾಕಿ ಉಜ್ಜಿದ ಗೀರು. ಟಂಕಸಾಲೆಯಲ್ಲಿ ಅಚ್ಚೊತ್ತಿದ ನಾಣ್ಯ ಹೀಗಿರುವುದಿಲ್ಲ, ಇದು ಅಚ್ಚಿಗೆ ಎರಕ ಹೊಯ್ದದ್ದು. ನಮ್ಮ ಸೀಮೆಯಲ್ಲಿ ಎರಕದ ನಾಣ್ಯವೆಂದರೆ ಕಳ್ಳನಾಣ್ಯ ಎಂದೇ ಅರ್ಥ. ಒಂದು ಮುಖದಲ್ಲಿ ಕಾಗೆ ಕಾಲು ಗುಬ್ಬಿ ಕಾಲಿನ ಹಾಗೆ ನಾಲ್ಕು ಅಕ್ಷರ. ನಡುವೆ ಒಂದು ಚೌಕದ ತೂತು. ಸಾಲಿನಲ್ಲಿದ್ದವರು ಗೊಣಗುತ್ತಿದ್ದರು, ನನಗೆ ತಲೆ ಸಿಡಿಯುತ್ತಿತ್ತು.

“ಇದು ಯಾವ ದೇಶದ ನಾಣ್ಯವೂ ಅಲ್ಲ,” ಎಂದೆ. “ಯಾರೋ ಹೊಯ್ದ ಬಿಲ್ಲೆ. ಮಕ್ಕಳ ಉಡಿದಾರಕ್ಕೆ ಕಟ್ಟೋಕೆ ಅಂತ ತೂತು ಹಾಕಿದ್ದಾರೆ, ಅಷ್ಟೆ. ತಗೊಂಡು ಹೋಗು.”

ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಕೂಸಿಗೆ ದೃಷ್ಟಿಯಾಗದಿರಲೆಂದು ಹಳೆಯ ಕಾಸಿಗೆ ತೂತು ಕೊರೆದು ಉಡಿದಾರಕ್ಕೆ ಕಟ್ಟುತ್ತಾರೆ. ಆಮೇಲೆ ಆ ಕಾಸು ಕಂದಾಯಕ್ಕೆ ಬಂದಾಗ ನಾನು ವಾಪಸ್ಸು ಮಾಡುತ್ತೇನೆ. ವರ್ಷಕ್ಕೆ ಐವತ್ತು ನೋಡುತ್ತೇನೆ. ತೂತು ಕಂಡ ತಕ್ಷಣ ನನ್ನ ಬಾಯಿಗೆ ಆ ಮಾತು ತಾನಾಗಿಯೇ ಬಂತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಚಿಕ್ಕಸ್ವಾಮಿ ಕಾಸು ಆರಿಸಿಕೊಂಡು ತಲೆ ತಗ್ಗಿಸಿ ಹೋದ. ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ ನಮ್ಮ ಕಚೇರಿಯ ಜವಾನ ಹುಚ್ಚಯ್ಯ, ಇವನ ತಂಗಿಯನ್ನೂ ಹದಿನಾರು ಊರಿಗೇ ಕೊಟ್ಟಿದೆ, ಆ ಭಾನುವಾರ ತಂಗಿಯ ಮನೆಗೆ ಊಟಕ್ಕೆ ಹೋದ.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಎಲ್ಲ ಊರಲ್ಲೂ ಇರುತ್ತಾರೆ. ಹದಿನಾರಿನಲ್ಲಿ ಮಂಚಮ್ಮ ಇದ್ದರು. ನರಸೀಪುರದ ಶರಾಫರೇ ಹೇಳಿದ್ದಾರೆ, ಇವು ಮಕ್ಕಳ ಉಡಿದಾರದ ಕಾಸು ಎಂಬ ಮಾತು ಅವರ ಕಿವಿಗೆ ಬಿದ್ದದ್ದೇ ತಡ, ಆಕೆ ಲೆಕ್ಕ ಹಾಕಿದರು. ಕಾಸು ಹನ್ನೆರಡು. ಒಂದು ಕೂಸಿಗೆ ಒಂದು ಕಾಸು. ಅಲ್ಲಿಗೆ ಅಳಿಯನಿಗೆ ಸತ್ಯಮಂಗಲದಲ್ಲಿ ಹನ್ನೆರಡು ಮಕ್ಕಳು. ಎರಡೂವರೆ ವರ್ಷದಲ್ಲಿ ಹನ್ನೆರಡು ಹೇಗೆ ಎಂದು ಯಾರೋ ಬುದ್ಧಿವಂತರು ಕೇಳಿದರಂತೆ. ಹೆಂಡಿರು ಮೂವರಿದ್ದರೆ ಯಾಕಾಗಬಾರದು, ಜೊತೆಗೆ ಅವಳಿ ಜವಳಿ ಹುಟ್ಟುವುದಿಲ್ಲವೇ ಎಂದು ಮಂಚಮ್ಮ ಆ ಗಂಟನ್ನೂ ಬಿಡಿಸಿದರು. ಚಿಕ್ಕಸ್ವಾಮಿಯ ಕಂಬಳಿ ಜಗಲಿಯಿಂದ ಹುಲ್ಲಿನ ಮೆದೆಯ ಹತ್ತಿರಕ್ಕೆ ಹೋಯಿತು.

ಅದಾದ ನಾಲ್ಕನೆಯ ದಿನ ಪುಟ್ಟಗೌರಮ್ಮ ನನ್ನ ಮೇಜಿನ ಮುಂದೆ ಬಂದು ನಿಂತಳು. ಇಪ್ಪತ್ತೆರಡು ಇಪ್ಪತ್ಮೂರರ ಹೆಣ್ಣುಮಗಳು, ಕೈಯೆಲ್ಲ ಕೆಲಸ ಮಾಡಿ ಗಟ್ಟಿಯಾಗಿತ್ತು. ಗಂಡ ಹೋದ ಮೇಲೆ ಆಳು ಹಿಡಿದು ಎರಡು ಬೆಳೆ ತೆಗೆದಿದ್ದಳಂತೆ. ಮದುವೆಯಾಗಿ ಮೂರು ವರ್ಷ ಕೂಡಿ ಬಾಳಿದ್ದರೂ ಇವರಿಗೆ ಮಕ್ಕಳಾಗಿರಲಿಲ್ಲ. ಅದನ್ನು ಹುಚ್ಚಯ್ಯ ನನ್ನ ಕಿವಿಯಲ್ಲಿ ಹೇಳಿದ. ಮೊದಲೇ ಹೇಳಿದ್ದರೆ ನಾನು ನಾಲಿಗೆ ಕಚ್ಚಿಕೊಳ್ಳುತ್ತಿದ್ದೆನೋ ಏನೋ.

ಅವಳು ಕಾಸಿನ ದಾರವನ್ನು ಮೇಜಿನ ಮೇಲಿಟ್ಟಳು. ಅತ್ತುಕೊಂಡೇನೂ ಬಂದಿರಲಿಲ್ಲ.

“ಆ ಅನ್ನೆರಡ್ರಲ್ಲಿ ಎಣ್ ಎಷ್ಟು, ಗಂಡ್ ಎಷ್ಟು ಅಂತ ಕಾಸ್ ನೋಡಿ ಏಳಕಾಯ್ತದಾ ಸ್ವಾಮಿ?” ಎಂದಳು.

ನನ್ನನ್ನು ಹಂಗಿಸಿದಳೋ, ನಿಜವಾಗಿಯೇ ಕೇಳಿದಳೋ, ಇವತ್ತಿಗೂ ನನಗೆ ಗೊತ್ತಿಲ್ಲ. ಏನಾದರೂ ಮಾಡಬೇಕಲ್ಲ ಎಂದು ಕನ್ನಡಕ ಏರಿಸಿ, ಭೂತಗನ್ನಡಿ ತೆಗೆದು, ಒಂದು ಕಾಸನ್ನು ಬೆಳಕಿಗೆ ಹಿಡಿದೆ.

ನೋಡುತ್ತಿದ್ದ ಹಾಗೆ ನನ್ನ ಕಿವಿ ಬಿಸಿಯಾಯಿತು. ಮಾಡಿದ ನಾಣ್ಯಕ್ಕೆ ಆಮೇಲೆ ತೂತು ಕೊರೆದರೆ ಅದು ಅಕ್ಷರವನ್ನೋ ರಾಜನ ಮೂಗನ್ನೋ ತಿಂದುಹಾಕಿರುತ್ತದೆ. ಇಲ್ಲಿ ಹಾಗಿಲ್ಲ. ನಾಲ್ಕು ಅಕ್ಷರಗಳೂ ತೂತಿನ ನಾಲ್ಕು ಕಡೆ ಜಾಗ ಬಿಟ್ಟು ಒಪ್ಪವಾಗಿ ಕೂತಿವೆ. ತೂತಿನ ಸುತ್ತಲೂ ಸಣ್ಣ ಕಟ್ಟೆ ಕಟ್ಟಿದೆ. ಬೈರಿಗೆ ಕೊರೆದರೆ ದುಂಡಗಿನ ತೂತಾಗುತ್ತದೆಯೇ ಹೊರತು ಚೌಕ ಆಗುವುದಿಲ್ಲ, ಇದು ಸಣ್ಣ ಮಗುವಿಗೂ ಗೊತ್ತು. ತೂತು ಕಾಸಿನ ಜೊತೆಗೇ ಎರಕದಲ್ಲಿ ಹುಟ್ಟಿದೆ. ಯಾವ ಕೂಸಿಗೂ ಯಾರೂ ಕೊರೆದದ್ದಲ್ಲ. ನನ್ನ ಕಣ್ಣಿಗೆ ಏನು ಬಂದಿತ್ತೋ ಅವತ್ತು.

ಅಲ್ಲೇ ಬಾಯಿ ಬಿಟ್ಟು ತಪ್ಪಾಯಿತು ತಾಯಿ ಎಂದಿದ್ದರೆ ಹುಲ್ಲಿನ ಮೆದೆಯ ಹತ್ತಿರ ಮಲಗಿದ್ದವನ ಕಷ್ಟ ಅರ್ಧ ತೀರುತ್ತಿತ್ತು. ಆದರೆ ಸುತ್ತ ಸಾಲು ನಿಂತಿತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎಂದು ಹೆದರಿದೆ. ಇದನ್ನು ಇನ್ನೂ ಆಳವಾಗಿ ನೋಡಬೇಕಾಗಿದೆ ಅಮ್ಮ, ಎಂದೆ. ನಾಚಿಕೆಯಾಗುತ್ತದೆ, ಆದರೂ ಹಾಗೇ ಅಂದೆ. ಆಗ ಹುಚ್ಚಯ್ಯ, ಮಾಡಿದ ಪಾಪ ಅವನನ್ನೂ ಕಚ್ಚುತ್ತಿತ್ತು ಎಂದು ಕಾಣುತ್ತದೆ, ನಂಜನಗೂಡು ಸಂತೆಗೆ ನೀಲಗಿರಿಯಿಂದ ಒಬ್ಬ ಚೀನಾದವನು ಆಲೂಗೆಡ್ಡೆ ತರುತ್ತಾನೆ, ಅವನಿಗೆ ತೋರಿಸಿದರೆ ಹೇಗೆ ಎಂದ.

ಅದು ನಿಜ. ನೀಲಗಿರಿಯ ನಡುವಟ್ಟದಲ್ಲಿ ಹಿಂದೆ ಸರ್ಕಾರದವರು ಚೀನಾದ ಕೈದಿಗಳನ್ನು ತಂದು ಇಟ್ಟಿದ್ದರು. ಬಿಡುಗಡೆಯಾದವರಲ್ಲಿ ಕೆಲವರು ಅಲ್ಲೇ ಮದುವೆಯಾಗಿ, ದನ ಕಟ್ಟಿ, ತರಕಾರಿ ಬೆಳೆದುಕೊಂಡು ನಿಂತರು. ಊಟಿ ರಸ್ತೆ ಇಳಿದು ಬಂದರೆ ನಂಜನಗೂಡು. ಚೀನಾದ ಮಾತಿಗೆ ಚೀನಾದವನ ಸಾಕ್ಷಿಗಿಂತ ಬೇಕೇ. ಸಂತೆಯ ದಿನ ನಾನು ರಜಾ ಹಾಕಿ ಬಾಡಿಗೆ ಗಾಡಿ ಕಟ್ಟಿಸಿದೆ.

ಹದಿನಾರಿನಲ್ಲಿ ಅವರನ್ನು ಹತ್ತಿಸಿಕೊಂಡೆವು. ಪುಟ್ಟಗೌರಮ್ಮ ಹತ್ತಿದಳು, ಮಂಚಮ್ಮ ಹತ್ತಿದರು. ಚಿಕ್ಕಸ್ವಾಮಿ ಗಾಡಿಯ ಹಿಂದಿನ ಹಲಗೆಗೆ ಕೈ ಇಟ್ಟದ್ದೇ ತಡ, ಚೀನಾದವರೆಗೂ ಹೋದ ಕಾಲು ನಂಜನಗೂಡಿಗೆ ನಡೆಯಲಾರದೇ ಎಂದು ಮಂಚಮ್ಮ ಕೇಳಿದರು. ಅವನು ಕೈ ತೆಗೆದು ಹಿಂದೆ ನಡೆದ. ಪಾಪ, ಮೂರೂವರೆ ಗಂಟೆ ದಾರಿ, ಎತ್ತುಗಳ ಧೂಳನ್ನೆಲ್ಲ ಅವನೇ ಕುಡಿದ. ಗಾಡಿ ನಿಧಾನವಾದಾಗ ಅವನೂ ನಿಧಾನ ಮಾಡುತ್ತಿದ್ದ, ಮುಂದೆ ಬಂದು ಹೆಂಡತಿಯ ಕಣ್ಣಿಗೆ ಬೀಳಲು ಹೆದರಿಕೆ. ದಾರಿಯುದ್ದಕ್ಕೂ ಮಂಚಮ್ಮ ಆ ಹನ್ನೆರಡು ಮಕ್ಕಳಿಗೆ ರಾಗಿ ಎಷ್ಟು ಬೇಕಾಗಬಹುದು ಎಂದು ನನ್ನೊಡನೆ ಚರ್ಚೆ ಮಾಡಿದರು. ನಾನು ಹೊರಗೆ ಕಬ್ಬಿನ ಗದ್ದೆ ನೋಡುತ್ತಾ ಕೂತಿದ್ದೆ.

ಸಂತೆಯಲ್ಲಿ ಚೀನಾದವನನ್ನು ಹುಡುಕುವುದು ಕಷ್ಟವಾಗಲಿಲ್ಲ. ಆಲೂಗೆಡ್ಡೆ, ಎಲೆಕೋಸಿನ ರಾಶಿಯ ಹಿಂದೆ ಕೂತಿದ್ದ. ಮುಖ ನೋಡಿದರೆ ಚೀನಾದವನೇ. ತಲೆಗೆ ಮಾತ್ರ ಕೆಂಪು ಮುಂಡಾಸು, ಹಣೆಗೆ ನಂಜುಂಡೇಶ್ವರನ ವಿಭೂತಿ, ಬಾಯಲ್ಲಿ ಎಲೆಅಡಿಕೆ. ಹೆಸರು ಕೇಳಿದರೆ ಚಾಮಯ್ಯ ಎಂದ. ತಾಯಿ ಗುಂಡ್ಲುಪೇಟೆ ಕಡೆಯವಳಂತೆ, ಅವಳಿಟ್ಟ ಹೆಸರು. ನಾನು ಗತ್ತಿನಿಂದ ಕಾಸಿನ ದಾರ ಅವನ ಕೈಗಿಟ್ಟು, ಓದಪ್ಪಾ ಎಂದೆ. ಸುತ್ತ ಐವತ್ತು ಜನ ಸೇರಿದರು.

ಅವನು ಕಾಸನ್ನು ಆ ಕಡೆ ತಿರುಗಿಸಿದ, ಈ ಕಡೆ ತಿರುಗಿಸಿದ, ತಲೆಕೆಳಗು ಮಾಡಿದ. ಆಮೇಲೆ ಓದಲು ಬರುವುದಿಲ್ಲ ಎಂದ.

ಇಷ್ಟು ದೂರ ಬಂದು, ರಜಾ ಹಾಕಿ, ಬಾಡಿಗೆ ಕೊಟ್ಟು, ಈ ಮಾತು ಕೇಳಿದರೆ ಯಾರಿಗೆ ಸಿಟ್ಟು ಬರುವುದಿಲ್ಲ ಹೇಳಿ. ಚೀನಾದವನಾಗಿ ಚೀನಾದ ಅಕ್ಷರ ಓದಲು ಬರುವುದಿಲ್ಲ ಎಂದರೇನು ಎಂದು ಸಂತೆಯೆಲ್ಲ ಕೇಳುವ ಹಾಗೆ ಕೂಗಿದೆ. ಅವನು ಎಲೆಅಡಿಕೆ ಉಗಿದು ಮಂಚಮ್ಮನ ಕಡೆ ನೋಡಿದ.

“ಈ ಅಜ್ಜಿ ಕನ್ನಡದೋರಲ್ವಾ ಸ್ವಾಮಿ,” ಎಂದ. “ಎಲ್ಲಿ, ಕನ್ನಡ ಓದ್ಲಿ ನೋಡವ.”

ಜನ ನಕ್ಕರು. ಮಂಚಮ್ಮನಿಗೆ ಬೆರಳ ಗುರುತು ಬಿಟ್ಟರೆ ಬೇರೆ ಬರವಣಿಗೆ ಇಲ್ಲ. ಆಕೆ ಸೆರಗು ಸರಿಮಾಡಿಕೊಂಡು ಎಲೆಕೋಸಿನ ಬೆಲೆ ಕೇಳಿದರು.

ಓದುತ್ತಿದ್ದದ್ದು ಅವನ ಅಪ್ಪ. ಅಪ್ಪ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಆದರೆ ಚಾಮಯ್ಯ ಚಿಕ್ಕವನಿದ್ದಾಗ ಇಂಥ ಕಾಸುಗಳೇ ಆಟದ ಸಾಮಾನು, ಅಪ್ಪ ಅವುಗಳ ವಿಷಯ ಹೇಳಿಕೊಡುತ್ತಿದ್ದನಂತೆ. ಅವನು ತನ್ನ ಎಲೆಅಡಿಕೆ ಚೀಲದ ತಳದಿಂದ ಅಪ್ಪನ ಕಾಸೊಂದನ್ನು ತೆಗೆದು ಗೋಣಿಚೀಲದ ಮೇಲೆ ಇಟ್ಟ. ಪಕ್ಕದಲ್ಲಿ ಚಿಕ್ಕಸ್ವಾಮಿಯ ಕಾಸು ಇಟ್ಟ. ಚಿಕ್ಕಸ್ವಾಮಿ ಉಸಿರು ಬಿಗಿಹಿಡಿದು ನಿಂತಿದ್ದ. ನಾನು ಭೂತಗನ್ನಡಿ ಹಿಡಿದು ಮಂಡಿಯೂರಿದೆ.

ತೂತಿನ ಬಲಗಡೆಯ ಅಕ್ಷರ ಎರಡರಲ್ಲೂ ಒಂದೇ. ಎಡಗಡೆಯದೂ ಒಂದೇ, ಒಂದು ಗೀಟು ಹೆಚ್ಚಿಲ್ಲ, ಕಡಿಮೆಯಿಲ್ಲ. ಮೇಲಿನದು ಕೆಳಗಿನದು ಮಾತ್ರ ಬೇರೆ. ಅವೆರಡು ರಾಜನ ಕಾಲದ ಹೆಸರಂತೆ, ರಾಜ ಬದಲಾದ ಹಾಗೆ ಬದಲಾಗುತ್ತವಂತೆ. ನಮ್ಮ ರೂಪಾಯಿಯಲ್ಲಿ ರಾಣಿ ಹೋಗಿ ರಾಜ ಬರುವುದಿಲ್ಲವೇ, ಹಾಗೆ. ಆಮೇಲೆ ಚಾಮಯ್ಯ ಕಾಸನ್ನು ಮಗುಚಿ ಹಾಕಿದ. ಬೆನ್ನಿನ ಮೇಲೆ ತೂತಿನ ಎರಡು ಪಕ್ಕ ಬೇರೊಂದು ತರದ, ಜೋತುಬಿದ್ದ ಬಳ್ಳಿಯಂಥ ಬರಹ. ಬೆನ್ನಿನ ಮೇಲೆ ಅದು ಇದ್ದರೆ ಈಗಿನ ಚೀನಾದ ರಾಜಮನೆತನದ ಟಂಕಸಾಲೆಯದೇ ಸರಿ, ಕಣ್ಣು ಮುಚ್ಚಿ ತಗೋ ಎಂದು ಅಪ್ಪ ಹೇಳುತ್ತಿದ್ದನಂತೆ. ಅವನ ಅಪ್ಪನ ಕಾಸಿನಲ್ಲಿ ಅದಿತ್ತು. ಚಿಕ್ಕಸ್ವಾಮಿಯ ಕಾಸಿನಲ್ಲೂ ಇತ್ತು. ನಾನು ಮೊದಲ ದಿನ ಬೆನ್ನನ್ನು ಸರಿಯಾಗಿ ನೋಡಿಯೇ ಇರಲಿಲ್ಲ.

ಒಂದೊಂದಾಗಿ ಮಗುಚುತ್ತಾ ಹೋದೆವು. ಎರಡು, ಮೂರು, ಏಳು, ಹತ್ತು. ಎಲ್ಲದರಲ್ಲೂ ಬಳ್ಳಿ ಇತ್ತು. ಚಿಕ್ಕಸ್ವಾಮಿಯ ಮುಖ ಒಂದೊಂದು ಕಾಸಿಗೂ ಒಂದೊಂದು ಚೂರು ಅರಳುತ್ತಿತ್ತು. ಹನ್ನೊಂದೂ ಆಯಿತು. ಹನ್ನೆರಡನೆಯದನ್ನು ಮಗುಚಿದರೆ ಬೆನ್ನು ಬೋಳು. ಕೈಗೆತ್ತಿಕೊಂಡರೆ ಹಪ್ಪಳದಷ್ಟು ತೆಳು, ಅಂಚು ಒಂದು ಕಡೆ ಸವೆದು ಹೋಗಿದೆ.

ಇದು ಚೀನಾದ್ದಲ್ಲ, ಎಂದ ಚಾಮಯ್ಯ. ಅನ್ನಾಮ್ ಎಂದು ಚೀನಾದ ಕೆಳಗೆ ಇನ್ನೊಂದು ರಾಜ್ಯವಿದೆಯಂತೆ. ಅಲ್ಲಿಯ ರಾಜನೂ ಇದೇ ತರದ ಕಾಸು ಹೊಯ್ಯಿಸುತ್ತಾನೆ, ಅದೇ ಅಕ್ಷರ, ಅದೇ ತೂತು, ಆದರೆ ತೆಳು, ಬೆನ್ನು ಬೋಳು. ಇಂಥದ್ದು ಕೈಗೆ ಸಿಕ್ಕಾಗಲೆಲ್ಲ ಅವನ ಅಪ್ಪ ಮೂರು ಭಾಷೆಯಲ್ಲಿ ಬೈಯುತ್ತಿದ್ದನಂತೆ.

ಮಂಚಮ್ಮ ಎಲೆಕೋಸು ಕೆಳಗಿಟ್ಟರು.

“ಸರೋಯ್ತು ಬುಡು,” ಎಂದರು. “ಚೀನಾದಲ್ಲಿ ಅನ್ನೊಂದು, ಅನ್ನಾಮಲ್ಲೊಂದು.”

ಸಂತೆಯ ಜನ ಹೋ ಎಂದರು. ಪುಟ್ಟಗೌರಮ್ಮನ ಮುಖ ಕಪ್ಪಿಟ್ಟಿತು. ಚಿಕ್ಕಸ್ವಾಮಿ ಅನ್ನಾಮಿನ ಹೆಸರನ್ನೇ ಕೇಳಿಲ್ಲ ಎಂದು ತೊದಲಿದ. ಆಣೆ ಮಾಡಲು ಗುಡಿಯ ಗೋಪುರದ ಕಡೆ ಕೈ ಎತ್ತಿದವನು, ಯಾರೂ ನಂಬುವುದಿಲ್ಲ ಎನಿಸಿತೋ ಏನೋ, ಕೈಯನ್ನು ಹಾಗೇ ಇಳಿಸಿದ. ಅಷ್ಟು ದೊಡ್ಡ ಆಳು, ಕಣ್ಣಲ್ಲಿ ನೀರು. ಇಷ್ಟಕ್ಕೂ ಮೊದಲ ಕಡ್ಡಿ ಗೀರಿದವನು ನಾನು.

ಎದ್ದು ನಿಂತೆ. ಮಂಡಿ ನೋಯುತ್ತಿತ್ತು.

“ಎಲ್ಲರೂ ಕೇಳಿ,” ಎಂದೆ. “ಇವು ಮಕ್ಕಳ ಉಡಿದಾರದ ಕಾಸಲ್ಲ. ತೂತು ಯಾರೂ ಕೊರೆದದ್ದಲ್ಲ, ಹುಟ್ಟಿದಾಗಲೇ ಇದ್ದದ್ದು. ಕೊರೆದದ್ದು ಅಂತ ಹೇಳಿದವನು ನಾನು. ಅದು ನನ್ನ ತಪ್ಪು. ಶರಾಫ ಗಂಗಾಧರಸ್ವಾಮಿ ತಪ್ಪಿದ ಅಂತ ಬೇಕಾದರೆ ತಮಟೆ ಬಡಿಸಿ.”

ಯಾರೂ ನಗಲಿಲ್ಲ. ಅದು ನನಗೆ ಧೈರ್ಯ ಕೊಟ್ಟಿತು. ಆಮೇಲೆ ಆ ಬೋಳು ಬೆನ್ನಿನ ಕಾಸನ್ನು ಎತ್ತಿ ಹಿಡಿದು, ನನ್ನ ಕಸುಬಿನಲ್ಲಿ ಕಲಿತದ್ದನ್ನು ಹೇಳಿದೆ. ಖಜಾನೆಗೆ ಯಾವನಾದರೂ ತಂದ ಚೀಲದಲ್ಲಿ ಎಲ್ಲ ನಾಣ್ಯವೂ ಚೊಕ್ಕಟವಾಗಿದ್ದರೆ ನಾನು ಅವನನ್ನೇ ಮೊದಲು ಅನುಮಾನದಿಂದ ನೋಡುತ್ತೇನೆ. ಸಂತೆಯಲ್ಲಿ ಕೊಂಡು, ಮಾರಿ, ಚಿಲ್ಲರೆ ಇಸಕೊಂಡು ಬಂದ ಚೀಲದಲ್ಲಿ ಒಂದು ಕೆಟ್ಟದ್ದು ಇದ್ದೇ ಇರುತ್ತದೆ. ಸುಳ್ಳು ಹೇಳಲೆಂದೇ ಕಾಸು ಹುಡುಕಿ ತಂದವನು ಹನ್ನೆರಡನ್ನೂ ಒಂದೇ ತರದ್ದು ಆರಿಸಿ ತರುತ್ತಿದ್ದ. ಇವನಿಗೆ ಆರಿಸಲು ಗೊತ್ತಿಲ್ಲ. ಅಲ್ಲಿಯ ಸಂತೆಯಲ್ಲಿ ಯಾರೋ ಇವನಿಗೆ ಚೆನ್ನಾಗಿ ಟೋಪಿ ಹಾಕಿದ್ದಾರೆ.

“ಚೀನಾದ ಸಂತೆಯಲ್ಲಿ ಟೋಪಿ ಹಾಕಿಸಿಕೊಳ್ಳಬೇಕಾದರೆ,” ಎಂದೆ, “ಚೀನಾಕ್ಕೆ ಹೋಗಿರಲೇಬೇಕಲ್ಲಪ್ಪ.”

ಚಾಮಯ್ಯ ತೊಡೆ ತಟ್ಟಿಕೊಂಡು ನಕ್ಕ. ಅವನ ಅಪ್ಪ ಬೈಯುತ್ತಿದ್ದದ್ದೂ ಅದಕ್ಕೇ, ಅಲ್ಲಿನ ವ್ಯಾಪಾರಿಗಳು ಚಿಲ್ಲರೆಯ ದಾರದ ನಡುವೆ ಒಂದು ತೆಳುವಾದದ್ದನ್ನು ಪೋಣಿಸಿಬಿಡುತ್ತಿದ್ದರಂತೆ. ಆಗ ಚಿಕ್ಕಸ್ವಾಮಿಗೆ ನೆನಪು ಬಂತು. ಹಬೆಯಲ್ಲಿ ಬೇಯಿಸಿದ ಹಿಟ್ಟಿನ ಉಂಡೆ ಮಾರುವ ಮುದುಕಿಯೊಬ್ಬಳು ಚಿಲ್ಲರೆ ಎಂದು ಈ ಹನ್ನೆರಡನ್ನೂ ದಾರ ಸಮೇತ ಕೊಟ್ಟಳಂತೆ, ಕೊಡುವಾಗ ಅವನ ಗಲ್ಲ ಸವರಿದಳಂತೆ. ಮುದುಕಿಗೆ ಎಷ್ಟು ವಯಸ್ಸು ಎಂದು ಮಂಚಮ್ಮ ಕೇಳಿದರು. ನಿಮ್ಮಷ್ಟೇ ಅತ್ತೆ, ಹಲ್ಲು ಮಾತ್ರ ಇರಲಿಲ್ಲ ಎಂದ. ಮಂಚಮ್ಮ ಇಪ್ಪತ್ತು ದಿನದ ಮೇಲೆ ಮೊದಲ ಸಲ ಅಳಿಯನ ಮಾತಿಗೆ ತಲೆಯಾಡಿಸಿದರು. ಹಲ್ಲಿಲ್ಲ ಎಂಬುದು ಆಕೆಗೆ ಸಮಾಧಾನ ತಂದಿತು.

ಎಲ್ಲರೂ ಪುಟ್ಟಗೌರಮ್ಮನ ಕಡೆ ತಿರುಗಿದೆವು. ನಾನಂತೂ ಅವಳು ನಗುತ್ತಾಳೆ, ಇಲ್ಲಿಗೆ ಕಥೆ ಸುಖವಾಗಿ ಮುಗಿಯುತ್ತದೆ ಎಂದುಕೊಂಡಿದ್ದೆ. ಅವಳು ನಗಲಿಲ್ಲ.

“ಮಕ್ಕಳ ಮಾತು ಕೇಳಿ ಎಂಟ್ ದಿನ ಅನ್ನ ಸೇರ್ನಿಲ್ಲ ಸ್ವಾಮಿ,” ಎಂದಳು. “ಅದು ಇವತ್ತು ಓಯ್ತು, ನೀವು ದೊಡ್ಡೋರು. ಚೀನಾಕ್ ಓದ್ರು ಅನ್ನೋದು ನಂಗೆ ಮೊದಲ್ನೇ ದಿನಾನೇ ಗೊತ್ತಿತ್ತು. ನಮ್ಮನೆಯವ್ರಿಗೆ ಸುಳ್ ಏಳಕ್ಕೆ ಬರಕಿಲ್ಲ.”

ಮತ್ತೆ ಬಾಗಿಲು ಯಾಕೆ ಹಾಕಿದೆ ತಾಯಿ ಎಂದು ನಾನು ಬಾಯಿಬಿಟ್ಟೆ. ಅವಳು ನನಗೆ ಉತ್ತರ ಕೊಡದೆ ಗಂಡನ ಕಡೆ ನೋಡಿದಳು. ಆ ಇಪ್ಪತ್ತು ದಿನದಲ್ಲಿ ನೇರವಾಗಿ ನೋಡಿದ್ದು ಅದೇ ಮೊದಲಿರಬೇಕು.

“ಗಾಡಿ ಕಟ್ಕೊಂಡು ಓದಾಗ ನಾನು ಮಲಗಿದ್ದೆ,” ಎಂದಳು. “ಎಬ್ಬರಿಸ್ನಿಲ್ಲ. ಓಗ್ಬತ್ತೀನಿ ಅಂತ ಒಂದ್ ಮಾತು ಬಾಗ್ಲಲ್ಲಿ ನಿಂತ್ಕೊಂಡು ಏಳ್ನಿಲ್ಲ. ಬರೀ ಗಾಡಿ ಬಂತು. ನಾನು ದಿನಾ ಒಂದ್ ಮುದ್ದೆ ಎಚ್ಚಿಗೆ ಕಟ್ಟಿ ಬಾಗ್ಲು ನೋಡ್ದೆ. ಓಗ್ಬತ್ತೀನಿ ಅನ್ನದೆ ಓದೋರ್ನ ಬತ್ತಾರೆ ಅಂತ ಎಂಗೆ ಕಾಯಾದು?”

ಅವಳು ಹೇಳಿದ್ದು ನಿಜ. ನಮ್ಮ ಜನ ಪಕ್ಕದ ಕೇರಿಗೆ ಹೋಗುವಾಗಲೂ ಹೋಗುತ್ತೇನೆ ಎನ್ನುವುದಿಲ್ಲ, ಹೋಗಿಬರುತ್ತೇನೆ ಎನ್ನುತ್ತಾರೆ. ಸಾವಿನ ಮನೆಯಿಂದ ಏಳುವಾಗ ಮಾತ್ರ ಹೇಳದೆ ಹೋಗುತ್ತೇವೆ. ಚಿಕ್ಕಸ್ವಾಮಿ ತಲೆ ಎತ್ತಲಿಲ್ಲ. ನಿದ್ದೆ ಕೆಡಿಸಬಾರದು ಅಂತ ಹಾಗೆ ಹೋದೆ ಎಂದು ಮೆಲ್ಲಗೆ ಹೇಳಿದ. ಅದು ಪೂರ್ತಿ ನಿಜವೆಂದು ಅವನ ಮುಖವೇ ಹೇಳುತ್ತಿತ್ತು, ಆದರೆ ಅದರಿಂದ ಏನೂ ಆಗಲಿಲ್ಲ.

ವಾಪಸ್ಸು ಬರುವಾಗ ಮಂಚಮ್ಮನೇ ಅಳಿಯನಿಗೆ ಗಾಡಿ ಹತ್ತು ಎಂದರು. ಅವನು ಹತ್ತಲಿಲ್ಲ. ಮತ್ತೆ ಹಿಂದೆಯೇ ನಡೆದ. ಈ ಸಲ ರಾಗಿಯ ಲೆಕ್ಕ ಬರಲಿಲ್ಲ.

ಹದಿನಾರು ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ನಾನು ನೀರು ಕುಡಿಯುವ ನೆಪದಲ್ಲಿ ಇಳಿದೆ. ಪುಟ್ಟಗೌರಮ್ಮ ಒಳಗೆ ಹೋಗಿ, ದೀಪ ಹಚ್ಚಿ, ನಡುಮನೆಯಿಂದ ಬಾಗಿಲಿಗೆ ಬಂದು ನಿಂತಳು. ಗಂಡನನ್ನು ಕರೆದು ಹೊಸಿಲಿನ ಈಚೆ ನಿಲ್ಲಿಸಿದಳು. ಈಗ ಹೇಳು ಎಂದಳು.

ಅವನಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ. ಮಂಚಮ್ಮನಿಗೆ ಆಯಿತು, ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡರು.

“ಅವತ್ ಏಳ್ನಿಲ್ವಲ್ಲ, ಅದ,” ಎಂದಳು ಪುಟ್ಟಗೌರಮ್ಮ.

ಚಿಕ್ಕಸ್ವಾಮಿ ಹೊಸಿಲಿನ ಮುಂದೆ ನಿಂತು, ಎರಡು ಸಲ ಗಂಟಲು ಸರಿಮಾಡಿಕೊಂಡು, ಓಗ್ಬತ್ತೀನಿ ಕಣಮ್ಮಿ ಎಂದ. ಊಂ, ಓಗ್ಬುಟ್ಟು ಬಾ ಎಂದಳು. ಅವನು ಬೀದಿಗಿಳಿದು ನಡೆದ. ಎಲ್ಲಿಗೆ ಹೋಗಬೇಕೆಂದು ಯಾರೂ ಹೇಳಿರಲಿಲ್ಲ, ಅವನೂ ಕೇಳಲಿಲ್ಲ. ಬೀದಿಯ ಕೊನೆಯಲ್ಲಿ ಬಾವಿಯ ಹತ್ತಿರ ತಿರುಗಿ ಕಾಣದಾದ.

ನಾನು ಚೆಂಬು ಹಿಡಿದು ನಿಂತೇ ಇದ್ದೆ. ಪುಟ್ಟಗೌರಮ್ಮ ಎರಡು ಕೈಯಲ್ಲೂ ಬಾಗಿಲ ಚೌಕಟ್ಟು ಹಿಡಿದುಕೊಂಡು ಬಾವಿಯ ತಿರುವನ್ನೇ ನೋಡುತ್ತಿದ್ದಳು. ಎಷ್ಟು ಹೊತ್ತಾಗಿರಬಹುದು, ಒಂದು ಎಲೆ ಮಡಿಸಿ ಬಾಯಿಗಿಡುವಷ್ಟು ಹೊತ್ತು. ನನಗೆ ಮಾತ್ರ ಈ ಪೆದ್ದ ಮತ್ತೆ ಯಾವ ಜಮಾದಾರನ ಕೈಗೆ ಸಿಕ್ಕಿದನೋ ಎಂದು ಎದೆ ಹೊಡೆದುಕೊಳ್ಳುತ್ತಿತ್ತು.

ತಿರುವಿನಲ್ಲಿ ಅವನು ಕಾಣಿಸಿಕೊಂಡ. ನಡೆಯುತ್ತಿರಲಿಲ್ಲ, ಓಡಿಬರುತ್ತಿದ್ದ. ಬಂದವನೇ ಹೊಸಿಲ ಮುಂದೆ ಏದುಸಿರು ಬಿಡುತ್ತಾ ನಿಂತು, ಬಂದೆ ಎಂದ.

ಪುಟ್ಟಗೌರಮ್ಮ ಅವತ್ತು ಅತ್ತಳು. ಚೌಕಟ್ಟು ಬಿಟ್ಟು, ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡು, ಎರಡೂವರೆ ವರ್ಷದ್ದನ್ನೆಲ್ಲ ಬಾಗಿಲಲ್ಲೇ ನಿಂತು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

“ಯಾಕಿಷ್ಟ್ ಬ್ಯಾಗ ಬಂದೆ,” ಎಂದಳು. “ಮುದ್ದೆಗೆ ಇನ್ನೂ ಎಸರಿಟ್ಟಿಲ್ಲ.”